ಹೂವಿಗೆ ಬಾರದ ನಾಲ್ಕು ಭಂಗಿ ಗಿಡ

ತೂಕ ಏರಿತು! ಒಂದಲ್ಲ ಎರಡಲ್ಲ, ಐದು ಪೌಂಡು! ನಮ್ಮ ಮೊಮ್ಮಗಳು ಆಸ್ಪತ್ರೆಯ ತಕ್ಕಡಿ ಮೇಲೆ ನಿಂತಳು, ನರ್ಸು ಅಂಕಿ ನೋಡಿ ನಂಬಲಿಲ್ಲ, ಚಪ್ಪಲಿ ತೆಗೆಸಿ ಇನ್ನೊಮ್ಮೆ ನಿಲ್ಲಿಸಿದಳು. ಆಗಲೂ ಐದೇ. ಡಾಕ್ಟರಮ್ಮ ಬಂದು ಕಾಗದ ನೋಡಿ ನಕ್ಕು, "ನೋ ಟ್ಯೂಬ್" ಅಂದರು. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅಷ್ಟು ತಿಳಿಯಲಿಕ್ಕೆ ಎಷ್ಟು ಇಂಗ್ಲಿಷ್ ಬೇಕು ಹೇಳಿ! ಅವರ ಎರಡೂ ಕೈ ಹಿಡಿದು ನನ್ನ ಕಣ್ಣಿಗೆ ಒತ್ತಿಕೊಂಡೆ. ಪಾಪ, ಆಕೆ ಗಾಬರಿಯಾಗಿ ನನ್ನ ಮಗಳ ಮುಖ ನೋಡಿದರು. ಮಗಳು ತಾನೇ ಅಳುತ್ತ ನಿಂತಿದ್ದಳು, ಅವರಿಗೆ ಏನು ಹೇಳಿಯಾಳು?

ಈಗ ಮೊದಲಿನಿಂದ ಹೇಳುತ್ತೇನೆ. ನಾನು ಗದಗಿನ ಕಡೆಯವಳು, ಓದಿದ್ದು ನಾಲ್ಕನೇ ಇಯತ್ತೆ. ಯಜಮಾನರು ತೀರಿಕೊಂಡ ಮೇಲೆ ಒಬ್ಬಳೇ ಮಗಳ ಮನೆಗೆ ಬಂದವಳು ಇಲ್ಲೇ ಉಳಿದೆ. ಸ್ಯಾನ್ ಡಿಯಾಗೊದ ಫೋರ್ ಎಸ್ ರ್ಯಾಂಚ್ ಅನ್ನುವ ಬಡಾವಣೆ. ಮನೆಗಳೆಲ್ಲ ಒಂದೇ ಬಣ್ಣ, ಹೊಸದರಲ್ಲಿ ನಾನು ವಾಕಿಂಗ್ ಹೋಗಿ ಬೇರೆಯವರ ಬಾಗಿಲು ಬಡಿದದ್ದುಂಟು. ಮಗಳು ಟೊರ್ರಿ ಪೈನ್ಸ್‌ನಲ್ಲಿ ಒಂದು ಲ್ಯಾಬಿಗೆ ಹೋಗುತ್ತಾಳೆ. ಅಳಿಯಂದಿರು ಬೆಂಗಳೂರಿನವರು, ಇಂಜಿನಿಯರು. ಅವರು ನನಗೆ "ಅತ್ತೆ, ನೀವು" ಅನ್ನುತ್ತಾರೆ, ನಾನು ಅವರಿಗೆ "ರೀ" ಹಚ್ಚಿಯೇ ಮಾತಾಡುತ್ತೇನೆ. ಇಪ್ಪತ್ತೈದು ವರ್ಷವಾಯಿತು, ಇಬ್ಬರೂ ಆ ಗೆರೆ ದಾಟಿಲ್ಲ. ಈ ಮಾತು ನೆನಪಿಡಿ, ಎಲ್ಲ ಎಡವಟ್ಟು ಆದದ್ದೇ ಆ ಮರ್ಯಾದೆಯಿಂದ.

ಮೊಮ್ಮಗಳಿಗೆ ಇಪ್ಪತ್ತೆರಡು. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಇಂಗ್ಲಿಷು. ಲಾಸ್ ಏಂಜಲೀಸ್‌ನಲ್ಲಿ ಕಾಲೇಜಿನ ಕೊನೆಯ ವರ್ಷ ಓದುತ್ತಿದ್ದಾಗ ಕರುಳಿನ ಬೇನೆ ಹತ್ತಿಕೊಂಡಿತು. ಅನ್ನ ಕಂಡರೆ ಓಕರಿಕೆ, ತಿಂದರೆ ಹೊಟ್ಟೆ ಹಿಡಿದುಕೊಂಡು ಉರುಳಾಡುವುದು. ಎರಡು ಸಾವಿರದ ಆರನೆಯ ಇಸವಿ ಹೊಸ ವರ್ಷಕ್ಕೆ ಮನೆಗೆ ಬಂದವಳ ಕೈ ಹಿಡಿದರೆ ನನ್ನ ಬೆರಳಿಗೆ ಬರೇ ಎಲುಬು ಸಿಕ್ಕಿತು. ಕಾಲೇಜು ಬಿಡಿಸಿದರು. ಡಾಕ್ಟರಮ್ಮ ಗುಳಿಗೆ ಕೊಟ್ಟರು, ಸೂಜಿ ಚುಚ್ಚಿದರು. ಬೇನೆ ಹತೋಟಿಗೆ ಬಂತು, ಹಸಿವು ಮಾತ್ರ ತಿರುಗಿ ಬರಲಿಲ್ಲ. "ನವೆಂಬರ್ ತನಕ ನೋಡೋಣ. ಅಷ್ಟರಲ್ಲಿ ತೂಕ ಏರದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಉಣ್ಣಿಸಬೇಕು" ಅಂದರು. ಹುಡುಗಿ ಅವತ್ತಿನಿಂದ ಕನ್ನಡಿ ನೋಡುವುದು ಬಿಟ್ಟಳು.

ಬೇರೊಬ್ಬ ಡಾಕ್ಟರು ಇನ್ನೊಂದು ದಾರಿ ಬರೆದುಕೊಟ್ಟಿದ್ದರು. ಮಗಳು ಅಡಿಗೆಮನೆಗೆ ಬಂದು, ಹೊರಗೆ ಯಾರೂ ಇಲ್ಲವೆಂದು ನೋಡಿ, ನನ್ನ ಕಿವಿಯಲ್ಲಿ ಹೇಳಿದಳು, "ಅವ್ವಾ, ಗಾಂಜಾ. ಚೀಟಿ ಇದ್ರ ಈ ರಾಜ್ಯದಾಗ ನಡೀತದ. ನೀ ಬೇಜಾರ ಮಾಡ್ಕೋಬ್ಯಾಡ."

"ಭಂಗಿ ಸೊಪ್ಪೇನು? ಅದಕ್ಯಾಕ ಇಷ್ಟು ಪಿಸಿಪಿಸಿ? ನಮ್ಮೂರ ಮಠದ ಹಿತ್ತಲದಾಗ ಆಳೆತ್ತರ ಬೆಳೀತಿತ್ತು. ಬೈರಾಗಿಗಳು ಕುಡಿದು ಒಂದೊಂದು ಬುಟ್ಟಿ ರೊಟ್ಟಿ ತಿಂತಿದ್ರು. ತರ್ರಿ ಮೊದಲ!" ಅಂದೆ.

ಲಾಸ್ ಏಂಜಲೀಸ್‌ನಲ್ಲಿ ಚೀಟಿ ತೋರಿಸಿದರೆ ಕೊಡುವ ಅಂಗಡಿ ಇತ್ತು. ಎಲ್ಲ ಜಾತಿಯೂ ನಮ್ಮ ಹುಡುಗಿಗೆ ಒಗ್ಗಲಿಲ್ಲ. ಒಂದು ತಗೊಂಡರೆ ಎದೆ ಬಡಿತ, ಇನ್ನೊಂದಕ್ಕೆ ಬರೇ ನಿದ್ದೆ. ಮೂರನೆಯದು ಸರಿ ಬಂತು. ಲ್ಯಾಬಿನ ಬುದ್ಧಿ ಓಡಿಸಿ ಮಗಳು ಅದನ್ನು ತುಪ್ಪದಲ್ಲಿ ಇಳಿಸಿ ಅಳೆದು ಕೊಡುತ್ತಿದ್ದಳು. ಕೊಟ್ಟ ತಾಸಿಗೆ ಹುಡುಗಿ ಒಂದು ಬಟ್ಟಲು ಮೊಸರನ್ನ ತಿನ್ನುತ್ತಿದ್ದಳು. ಉಗಾದಿ ಹೊತ್ತಿಗೆ ಆ ಅಂಗಡಿ ಬಾಗಿಲು ಹಾಕುವುದೆಂದಾಯಿತು. ಅಂಗಡಿಯ ಹೆಣ್ಣುಮಗಳು ಒಳ್ಳೆಯವಳು, ಅದೇ ಜಾತಿಯ ಬೇರು ಬಂದ ನಾಲ್ಕು ಕಡ್ಡಿ ಕೊಟ್ಟು, "ಮನೆಯಲ್ಲೇ ಬೆಳೆಸಿಕೊಳ್ಳಿ, ಚೀಟಿಯಲ್ಲಿ ಅದಕ್ಕೂ ಜಾಗ ಇದೆ" ಅಂದಳು. ಮನೆಯಲ್ಲಿ ಆ ಜಾತಿಯ ತುಪ್ಪ ಒಂದು ಸಣ್ಣ ಭರಣಿಯಷ್ಟು ಉಳಿದಿತ್ತು. ಅದು ಮುಗಿಯುವುದರೊಳಗೆ ಗಿಡ ಹೂ ಬಿಡಬೇಕು, ಹೂವಲ್ಲೇ ಔಷಧ ಇರುವುದು. ಇಷ್ಟೇ ನಮ್ಮ ಲೆಕ್ಕ.

ಗಿಡದ ಜವಾಬ್ದಾರಿ ಅಳಿಯಂದಿರು ತಗೊಂಡರು. ಮೇಲಿನ ಮಲಗುವ ಕೋಣೆಗೆ ಹತ್ತಿದಂತೆ ಬಟ್ಟೆ ಇಡುವ ಸಣ್ಣ ಕೋಣೆ ಇತ್ತು, ಕಿಟಕಿ ಇಲ್ಲ. ಅಲ್ಲಿ ಮೇಲೆ ಒಂದು ದೊಡ್ಡ ದೀಪ ನೇತುಹಾಕಿದರು. ಕೆಳಗೆ ನಾಲ್ಕು ಬಕೆಟ್ಟು. ಮಣ್ಣಿಲ್ಲ! ಗಿಡದ ಬೇರು ನೀರಿನಲ್ಲಿ ಜೋತಾಡುವುದು, ಪಂಪು ಗುಳುಗುಳು ಗಾಳಿ ಊದುವುದು, ಬಣ್ಣದ ಬಾಟಲಿಗಳಿಂದ ಗಿಡದ ಊಟ ಹನಿ ಹನಿ ಹಾಕುವುದು.

"ಅತ್ತೆ, ಇದು ಹೈಡ್ರೋಪಾನಿಕ್ಸು. ನೀವು ಏನೂ ಮುಟ್ಟಬೇಡಿ, ಎಲ್ಲಾ ಆಟೋಮ್ಯಾಟಿಕ್" ಅಂದರು.

"ಆಟೋಮ್ಯಾಟಿಕ್ ಇದ್ರ ನೀವ್ಯಾಕ ದಿನಾ ಎರಡು ತಾಸು ಅಲ್ಲೇ ಕುಂದರ್ತೀರಿ?"

"ಅದು ಮಾನಿಟರಿಂಗ್, ಅತ್ತೆ."

ಮಾನಿಟರಿಂಗ್ ಅಂದರೆ ಏನೋ. ನೀರಿಗೆ ಕಡ್ಡಿ ಅದ್ದಿ ನೋಡುವುದು, ಹುಳಿ ಹೆಚ್ಚಾಯಿತು ಅನ್ನುವುದು, ಒಂದು ಹನಿ ಹಾಕುವುದು, ಈಗ ಕಡಿಮೆಯಾಯಿತು ಅನ್ನುವುದು. ನೋಟ್‌ಬುಕ್ಕಿನ ತುಂಬ ಅಂಕಿ. ಹಾಗಂತ ಗಿಡ ಬೆಳೆಯಲಿಲ್ಲ ಅನ್ನುವ ಹಾಗಿಲ್ಲ, ಜೂನ್ ಹೊತ್ತಿಗೆ ನನ್ನ ಸೊಂಟಕ್ಕೆ ಬಂದವು. ಆಗ ಒಂದು ದಿನ ಅಳಿಯಂದಿರು ನನ್ನ ಹತ್ತಿರ ಬಂದು ಹೇಳಿದರು, "ಅತ್ತೆ, ನಾಲ್ಕೂ ಹೆಣ್ಣು ಗಿಡ. ನಾಳೆಯಿಂದ ಡಾರ್ಕ್ ಪೀರಿಯಡ್ ಶುರು. ದಿನಾ ಸಂಜೆ ಆರರಿಂದ..."

ನಾನು ಸೆರಗು ತಲೆಮೇಲೆ ಎಳೆದುಕೊಂಡು, "ತಿಳೀತು ತಿಳೀತು ಬಿಡ್ರಿ" ಅಂತ ಅಡಿಗೆಮನೆಗೆ ಓಡಿದೆ. ಹೆಣ್ಣು ಅಂತೆ, ಪೀರಿಯಡ್ ಅಂತೆ! ಅತ್ತೆಯ ಮುಂದೆ ಅಳಿಯ ಆಡುವ ಮಾತೇ ಅದು? ಈ ದೇಶದಲ್ಲಿ ಗಿಡಕ್ಕೂ ಅದೆಲ್ಲ ಉಂಟೇನೋ, ಇದ್ದರೆ ಇರಲಿ, ನನಗೇಕೆ ಹೇಳಬೇಕು ಅಂದುಕೊಂಡೆ. ಮಗಳಿಗೂ ಹೇಳಲಿಲ್ಲ. ಗಂಡನ ಬಗ್ಗೆ ಹೆಂಡತಿಗೆ ಹೇಳುವ ಸಂಗತಿಯೇ ಅದು?

ಜೂನ್ ಮುಗಿಯಿತು. ಹೂವಿಲ್ಲ. ಜುಲೈ ಅರ್ಧವಾಯಿತು, ಎಲೆಯ ಮೇಲೆ ಎಲೆ, ಹೂವಿಲ್ಲ. ಅಳಿಯಂದಿರು ತಪ್ಪು ನೀರಿನದೇ ಅಂದುಕೊಂಡರು. ಒಂದು ಶನಿವಾರ ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿ ದೊಡ್ಡ ತಟ್ಟೆಗಳನ್ನು ತಂದರು. ಈಗ ಹೊಸ ಪದ್ಧತಿ: ತಟ್ಟೆಗೆ ನೀರು ತಾನೇ ಏರುವುದು, ತಾನೇ ಇಳಿಯುವುದು, ದಿನಕ್ಕೆ ನಾಲ್ಕು ಸಲ. ನಮ್ಮ ಊರಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು, ಇಲ್ಲಿ ಭಂಗಿಗೆ ದಿನಕ್ಕೆ ನಾಲ್ಕು ಸಲ! ನೀರು ಏರಿತು, ಇಳಿಯಲಿಲ್ಲ. ಒಂದು ಎಲೆ ಹೋಗಿ ನಳಿಗೆಯ ಬಾಯಿಗೆ ಕೂತಿತ್ತು. ಮೇಲಿನ ಕಾರ್ಪೆಟ್ ತೊಯ್ದು, ಕೆಳಗೆ ನಾನು ಚಪಾತಿ ಲಟ್ಟಿಸುವ ಕಟ್ಟೆಯ ಮೇಲೆ ತಟಕ್ ತಟಕ್ ಅಂತ ಬಿತ್ತು. ಅಳಿಯಂದಿರು ಟವೆಲ್ ಹೊತ್ತುಕೊಂಡು ಮೆಟ್ಟಿಲು ಹತ್ತುವಾಗ ಮೊಮ್ಮಗಳು ಸೋಫಾದ ಮೇಲಿಂದಲೇ "ನೈಸ್ ಸ್ವಿಮ್ಮಿಂಗ್ ಪೂಲ್, ಡ್ಯಾಡ್" ಅಂದಳು. ಅವಳ ಕೈಯಲ್ಲಿನ ಬಟ್ಟಲು ಹಾಗೇ ತುಂಬಿತ್ತು. ಭರಣಿಯ ತುಪ್ಪ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಈಗ ಎರಡು ದಿನಕ್ಕೊಮ್ಮೆ ಮಾತ್ರ ಕೊಡುತ್ತಿದ್ದೆವು.

ಆ ಬಟ್ಟಲು ನೋಡಿ ನನಗೆ ರೇಗಿತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅಳಿಯಂದಿರಿಗೆ ಎದುರು ಮಾತಾಡಿದೆ.

"ನೋಡ್ರಿ, ನಾ ಸಾಲಿ ಕಲಿತಾಕಿ ಅಲ್ಲ. ಆದರ ಗಿಡ ಸಾಕೇನಿ. ಈ ಪಂಪು ನಳಿಗಿ ಎಲ್ಲಾ ತಗೀರಿ. ತೆಂಗಿನ ನಾರಿನ ಪುಡಿ ಸಿಗ್ತದಿಲ್ರೀ ಇಲ್ಲೆ? ನಾಲ್ಕು ಕುಂಡ ತರ್ರಿ. ನೀರು ನಾ ಹಾಕ್ತೀನಿ, ತಂಬಿಗಿಲೆ."

"ತಂಬಿಗೆ! ಅತ್ತೆ, ಕಂಟ್ರೋಲ್ ಇರಲ್ಲ."

"ಈಗ ಇತ್ತೇನು?"

ಮಗಳು ಒರೆಸುತ್ತಿದ್ದ ಬಟ್ಟೆ ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ಅಳಿಯಂದಿರು ತಟ್ಟೆ ನೋಡಿದರು, ಕಾರ್ಪೆಟ್ ನೋಡಿದರು, ಮರುದಿನ ನಾರಿನ ಪುಡಿ ತಂದರು. ಇಟ್ಟಂಗಿಯಂತೆ ಒತ್ತಿದ್ದನ್ನು ಬಿಸಿನೀರಿನಲ್ಲಿ ನೆನೆಸಿದರೆ ಬುಟ್ಟಿ ತುಂಬ ಉಬ್ಬಿತು. ಆ ವಾಸನೆ, ಆಹಾ, ನೆನೆದ ತೆಂಗಿನ ಸಿಪ್ಪೆಯದು! ಗಿಡ ನೆಟ್ಟು ಕೈ ತೊಳೆಯುವಾಗ ಅಳಿಯಂದಿರು ಮೆಲ್ಲಗೆ ಹೇಳಿದರು, "ಟೆಕ್ನಿಕಲಿ ಇದೂ ಹೈಡ್ರೋಪಾನಿಕ್ಸೇ, ಅತ್ತೆ. ಮಣ್ಣಿಲ್ಲವಲ್ಲ."

"ಹೌದು ಹೌದು, ಅದೇ" ಅಂದೆ. ಗಂಡಸರಿಗೆ ಅಷ್ಟು ಬಿಟ್ಟುಕೊಡಬೇಕು.

ಬಾಟಲಿ ಊಟವನ್ನು ಮಗಳು ಅಳೆದು ಕ್ಯಾನಿನಲ್ಲಿ ಕಲಸಿ ಇಡುವಳು. ನಾನು ಬೆಳಿಗ್ಗೆ ಹೋಗಿ ನಾರಿನೊಳಗೆ ಬೆರಳು ಚುಚ್ಚಿ ನೋಡುವೆ, ಒಣಗಿದ್ದರೆ ಒಂದು ತಂಬಿಗೆ, ಹಸಿ ಇದ್ದರೆ ಇಲ್ಲ. ಮುಗಿಯಿತು. ಪಂಪಿನ ಸದ್ದಿಲ್ಲ, ಸೋರುವುದಿಲ್ಲ. ಹತ್ತೇ ದಿನದಲ್ಲಿ ಗಿಡ ಕಪ್ಪು ಹಸಿರಾಗಿ ಮಿಂಚಿದವು. ನಾನು ಕಾಲು ನೆಲಕ್ಕೆ ತಾಕದಂತೆ ಓಡಾಡಿದೆ.

ಆದರೆ ಹೂವೆಲ್ಲಿ?

ಆಗಸ್ಟ್ ಮೊದಲ ವಾರ. ಹುಡುಗಿಯ ತೂಕ ಇನ್ನೂ ಎರಡು ಪೌಂಡು ಇಳಿದಿತ್ತು. ಅಳಿಯಂದಿರು ದೊಡ್ಡ ಮನುಷ್ಯರು, "ನಿಮ್ಮ ತಂಬಿಗೆ ಏನು ಮಾಡಿತು" ಅಂತ ಒಂದು ಮಾತು ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು. ನಾನು ಒಂದು ಮುಂಜಾನೆ ಕುರ್ಚಿ ಹಾಕಿಕೊಂಡು ಗಿಡದ ಮುಂದೆ ಕೂತೆ. ನೀರು ಸರಿ. ಬೇರು ಸರಿ. ಮೇಲಿನ ದೀಪ ಸರಿ. ಇನ್ನು ದೂರಲಿಕ್ಕೆ ಪಂಪಿಲ್ಲ, ನಳಿಗೆಯಿಲ್ಲ, ಉಳಿದದ್ದು ನಾಲ್ಕು ಕುಂಡ ಮತ್ತು ನಾನು.

ಆಗ ಕಂಡಿತು. ಮೂರು ಗಿಡ ಬರೇ ಎಲೆ. ಮೂಲೆಯ ನಾಲ್ಕನೆಯದರ ತುದಿಯಲ್ಲಿ ಬಿಳಿ ಕೂದಲಿನಂಥ ಎಸಳು, ಎಳೆ ಜೋಳದ ತೆನೆಗೆ ಬಂದ ಹಾಗೆ. ಹೂ! ಅದೇ ಜಾತಿ, ಅದೇ ನೀರು, ಅದೇ ದೀಪ. ಈ ಒಂದಕ್ಕೆ ಮಾತ್ರ ಏನು ಹೆಚ್ಚಿಗೆ? ಎದ್ದು ಅದರ ಹಿಂದೆ ಮುಂದೆ ನೋಡಿದೆ. ಬಾಗಿಲಿಗೂ ಆ ಗಿಡಕ್ಕೂ ನಡುವೆ, ನೀರು ಸೋರಿದ ದಿನ ಒಣಗಲೆಂದು ನೇತುಹಾಕಿದ ಅಳಿಯಂದಿರ ಉದ್ದ ಉಣ್ಣೆ ಕೋಟು ಇನ್ನೂ ತೂಗುತ್ತಿತ್ತು. ಬಾಗಿಲ ಹತ್ತಿರ ಗೋಡೆಗೆ ಒಂದು ಸಣ್ಣ ಬಲ್ಬು. ಆ ಬಲ್ಬಿನ ಬೆಳಕು ಮೂರಕ್ಕೆ ಬೀಳುತ್ತಿತ್ತು, ಕೋಟಿನ ಮರೆಯ ನಾಲ್ಕನೆಯದಕ್ಕೆ ಬೀಳುತ್ತಿರಲಿಲ್ಲ.

ಆ ಬಲ್ಬು ಹಚ್ಚುವವರು ಯಾರು? ನಾನೇ! ಮುಸ್ಸಂಜೆ ಹೊತ್ತಿಗೆ ಮನೆಯ ಯಾವ ಕೋಣೆಯೂ ಕತ್ತಲಿರಬಾರದು. ನಮ್ಮ ಅವ್ವ ಹಾಗೆ ಮಾಡಿದಳು, ನಾನು ಹಾಗೆ ಮಾಡಿದೆ. ಬಚ್ಚಲಕ್ಕೂ ಒಂದು ಗಳಿಗೆ ಬೆಳಕು ತೋರಿಸುತ್ತೇನೆ. ಮನೆಯಲ್ಲಿ ಹುಷಾರಿಲ್ಲದ ಮೊಮ್ಮಗಳಿರುವಾಗ ಬಿಟ್ಟೇನೇ? ದಿನಾ ದೇವರಿಗೆ ದೀಪ ಹಚ್ಚುವ ಮೊದಲು ಎಲ್ಲ ಕೋಣೆಯ ಗುಂಡಿ ಒತ್ತುತ್ತ ಬಂದು, ಆರಕ್ಕೇ ದೊಡ್ಡ ದೀಪ ತಾನೇ ಆರಿ ಕತ್ತಲಾಗಿರುತ್ತಿದ್ದ ಈ ಸಣ್ಣ ಕೋಣೆಯ ಬಾಗಿಲನ್ನೂ ತೆಗೆದು ಬಲ್ಬು ಹಚ್ಚಿ, ಪೂಜೆ ಮುಗಿಸಿ ಅರ್ಧ ತಾಸಿಗೆ ಆರಿಸುತ್ತಿದ್ದೆ. ಅಳಿಯಂದಿರು ಕೆಳಗೆ ಫೋನಿನಲ್ಲಿ, ಮಗಳು ಅಡಿಗೆಯಲ್ಲಿ. ಮುದುಕಿ ದೀಪ ಹಚ್ಚುವುದನ್ನು ಯಾರು ನೋಡುತ್ತಾರೆ?

ತವರಿನ ಸೇವಂತಿಗೆ ಮಡಿ ಕಣ್ಣ ಮುಂದೆ ಬಂತು. ಬೀದಿಯಲ್ಲಿ ಹೊಸದಾಗಿ ಕರೆಂಟಿನ ಕಂಬ ನಿಲ್ಲಿಸಿದ ವರ್ಷ, ಕಂಬದ ಬೆಳಕಿಗಿದ್ದ ಸಾಲು ಹೂವೇ ಬಿಡಲಿಲ್ಲ, ಗೋಡೆ ಮರೆಯ ಸಾಲು ಹಳದಿ ತುಂಬಿ ನಿಂತಿತ್ತು. ಅಪ್ಪ ಆ ಸಾಲಿಗೆ ದಿನಾ ಗೋಣಿತಾಟು ಹೊದಿಸಿದ ಮೇಲೆ ಹೂವಾದವು. ಕೆಲವು ಗಿಡಕ್ಕೆ ಇಡೀ ರಾತ್ರಿಯ ಕತ್ತಲೇ ಬೇಕು, ನಡುವೆ ಒಂದು ಕಡ್ಡಿ ಗೀರಿದರೂ ಮುನಿಸು. ಇದು ನನಗೆ ಗೊತ್ತಿದ್ದ ಮಾತು! ಗೊತ್ತಿದ್ದೂ ಎರಡು ತಿಂಗಳು ಮೊಮ್ಮಗಳ ಬಾಯಿಯ ತುತ್ತಿಗೆ ನಾನೇ ಅಡ್ಡ ನಿಂತಿದ್ದೆ.

ಸಂಜೆ ತನಕ ಒಳಗೊಳಗೇ ಬೆಂದೆ. ಅಳಿಯಂದಿರು ಬಂದು ಶೂಸು ಬಿಚ್ಚಿ ಮುಗಿಸುವ ಮೊದಲೇ ಎಲ್ಲರ ಮುಂದೆ ಹೇಳಿಬಿಟ್ಟೆ. ಅವರು ಒಂದು ಕಾಲಿನ ಶೂಸು ಕೈಯಲ್ಲಿ ಹಿಡಿದು ಹಾಗೇ ನಿಂತರು.

"ಅತ್ತೆ! ಎರಡು ತಿಂಗಳು ನಾನು ನೀರು ಟೆಸ್ಟ್ ಮಾಡಿದೆ!"

"ಮಾಡಿದ್ರಿ."

"ನಿಮಗೆ ಹೇಳಿದ್ದೆನಲ್ಲ, ಡಾರ್ಕ್ ಪೀರಿಯಡ್ ಅಂತ? ತಿಳೀತು ಅಂದ್ರಿ!"

"ಹೆಣ್ಣು ಅಂದ್ರಿ, ಪೀರಿಯಡ್ ಅಂದ್ರಿ. ನಾ ಏನು ತಿಳ್ಕೋಬೇಕ್ರಿ? ಅಳಿಯಂದಿರ ಬಾಯಾಗ ಅಂಥ ಮಾತು ಬಂದ್ರ ನಾ ನಿಂತು ಕೇಳ್ಲೇನು?"

ಮಗಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡು ಕೆಳಗೆ ಕೂತೇಬಿಟ್ಟಳು. ಅಳಿಯಂದಿರ ಕಿವಿ ಕೆಂಪಗಾದವು, "ಛೆ ಛೆ, ಅತ್ತೆ, ಪೀರಿಯಡ್ ಅಂದ್ರೆ ಹೊತ್ತು, ಕತ್ತಲೆ ಹೊತ್ತು..." ಅನ್ನುತ್ತ ಅವರೂ ನಕ್ಕರು. ಸೋಫಾದಿಂದ "ಓ ಮೈ ಗಾಡ್, ಅಜ್ಜಿ!" ಅಂತ ಕೂಗು. ಹುಡುಗಿ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು, ನೋವಿಗಲ್ಲ, ನಗುವಿಗೆ. ಎಷ್ಟು ತಿಂಗಳಾಗಿತ್ತು ಆ ಸದ್ದು ಕೇಳಿ!

"ಮತ್ತ ದೀಪ ಬಿಡಂಗಿಲ್ಲ ನಾ" ಅಂದೆ. ಬಿಡುವುದು ಬೇಡ ಅಂದರು ಅಳಿಯಂದಿರು. ಬಾಗಿಲು ಮುಚ್ಚಿಯೇ ಇರಲಿ, ಸಂದಿಗೆ ಕಂಬಳಿ ಒತ್ತೋಣ, ದೀಪ ಕೆಳಗೆ ದೇವರ ಮನೆಯಿಂದ ತೋರಿಸಿ ಅಂತ ಗೊತ್ತುಮಾಡಿದರು. ಸಣ್ಣ ಬಲ್ಬನ್ನು ತಾವೇ ತಿರುಗಿಸಿ ತೆಗೆದರು. ನಾನು ಮೆಟ್ಟಿಲ ಕೆಳಗೆ ನಿಂತು ಮೇಲಕ್ಕೆ ಕೈ ಎತ್ತಿ ತೋರಿಸತೊಡಗಿದೆ. ಲಕ್ಷ್ಮಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲವೇ?

ಹದಿನೈದು ದಿನಕ್ಕೆ ಮೂರೂ ಗಿಡ ಬಿಳಿ ಎಸಳು ಬಿಟ್ಟವು. ಅಕ್ಟೋಬರ್ ಮೊದಲಿಗೆ ಹೂ ಗೊಂಚಲು ಭಾರಕ್ಕೆ ಬಾಗಿ, ಕೋಲು ಆನಿಸಬೇಕಾಯಿತು. ಕೊಯ್ದದ್ದು ನಾನು, ಒಣಗಿಸಿದ್ದು ಅಳಿಯಂದಿರು, ತುಪ್ಪಕ್ಕೆ ಇಳಿಸಿದ್ದು ಮಗಳು. ಮೊದಲ ದಿನ ಕೊಟ್ಟು ನಾವು ಮೂವರೂ ಬೇರೆ ಬೇರೆ ಕೆಲಸ ಮಾಡುತ್ತಿರುವ ಹಾಗೆ ನಟಿಸಿದೆವು. ಮುಕ್ಕಾಲು ತಾಸಿಗೆ ಅವಳು ತಾನೇ ಎದ್ದು ಬಂದು ನನ್ನ ಸೆರಗು ಜಗ್ಗಿ, "ಅಜ್ಜಿ, ಐ ಆಮ್ ಹಂಗ್ರಿ" ಅಂದಳು. ಅನ್ನ, ತೊವ್ವೆ, ತುಪ್ಪ. ಪೂರ್ತಿ ಬಟ್ಟಲು. ಡಾಕ್ಟರ ಗುಳಿಗೆ ತನ್ನ ಕೆಲಸ ಮಾಡುತ್ತಿತ್ತು, ಹಸಿವಿನ ಕೆಲಸ ನಮ್ಮ ನಾಲ್ಕು ಕುಂಡ ಮಾಡಿದವು. ಮರುದಿನವೂ ತಿಂದಳು. ಅದರ ಮರುದಿನವೂ.

ಹಾಗೆ ಐದು ಪೌಂಡು!

ಆಸ್ಪತ್ರೆಯಿಂದ ಬಂದ ಸಂಜೆ ನಾನು ಹೋಳಿಗೆ ಮಾಡಿದೆ. ಹೂರಣ ಮೆತ್ತಗೆ, ಕನಕ ತೆಳ್ಳಗೆ. ನಮಗೆ ರೊಟ್ಟಿ, ಎಣ್ಣೆಗಾಯಿ ಬದನೇಕಾಯಿ, ಹುಡುಗಿಗೆ ಬೇರೆ ಸಪ್ಪನೆಯ ತೊವ್ವೆ. ನಾನು ಯಾವಾಗಲೂ ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣುವವಳು. ಅವತ್ತು ಹುಡುಗಿ ಕುರ್ಚಿ ಎಳೆದು, "ಅಜ್ಜಿ, ಸಿಟ್" ಅಂದಳು.

"ಹೋಳಿಗಿ ಬಿಸೀ ಇರ್ಬೇಕವ್ವಾ, ನೀವು ಉಣ್ರಿ."

"ಸಿಟ್!"

ಕೂತೆ. ಅಳಿಯಂದಿರು ನನ್ನ ತಟ್ಟೆಗೆ ತಾವೇ ತುಪ್ಪ ಹಾಕಿದರು, ಮಗಳು ರೊಟ್ಟಿ ಮುರಿದಳು. "ಜನವರಿಗೆ ಕಾಲೇಜಿಗೆ ವಾಪಸ್ ಅಪ್ಲೈ ಮಾಡ್ತಾಳಂತೆ" ಅಂದರು ಅಳಿಯಂದಿರು, ಅಷ್ಟು ಹೊತ್ತು ಅದನ್ನು ಬಾಯಲ್ಲಿ ಹಿಡಿದುಕೊಂಡಿದ್ದವರಂತೆ. ನಾವೆಲ್ಲ ಹುಡುಗಿಯ ಕಡೆ ತಿರುಗಿದೆವು. ಅವಳು ಅಪ್ಪನ ತಟ್ಟೆಯ ಹೋಳಿಗೆಯಲ್ಲಿ ಅರ್ಧ ಹರಿದು ಬಾಯಿಗೆ ತುಂಬಿಕೊಂಡು ಅಗಿಯುತ್ತಿದ್ದಳು, ಮಾತಾಡಲು ಜಾಗವಿರಲಿಲ್ಲ, ಬರೇ ತಲೆ ಅಲ್ಲಾಡಿಸಿದಳು.

"ಅದು ನನ್ನದು ಕಣೇ!" ಅಂದರು ಅಳಿಯಂದಿರು.

"ತಿನ್ನಲಿ ಬಿಡ್ರಿ" ಅಂತ ನಾನೂ ಮಗಳೂ ಒಟ್ಟಿಗೇ ಅಂದೆವು, ಮತ್ತೆ ನಾಲ್ಕೂ ಜನ ತಟ್ಟೆಯ ಮೇಲೆ ಬಾಗಿದೆವು.